ಖಾಲಿ ಪೆಟ್ಟು

ತಪ್ಪಿದ್ದು ತಾನೋ, ಮೇಷ್ಟ್ರ ಕೈಯ ತಾಳದ ಕೋಲೋ? ಕೋಲು ಒಂದು ಗಳಿಗೆ ಗಾಳಿಯಲ್ಲೇ ನಿಂತ ಹಾಗೆ ಕಂಡಿತ್ತಲ್ಲ. ಅಥವಾ ತಾನೇ ಕಣ್ಣು ಮುಚ್ಚಿದ್ದನೋ? ಕಣ್ಣು ಮುಚ್ಚಿ ನುಡಿಸುವ ಅಭ್ಯಾಸ ತನಗಿಲ್ಲ. ಇಲ್ಲ ಎಂದು ಇಷ್ಟು ದಿನ ನಂಬಿಕೊಂಡದ್ದಂತೂ ನಿಜ. ಆದರೆ ಹೆದರಿದವನು ತಾನು ಯಾವಾಗ ಕಣ್ಣು ಮುಚ್ಚಿದೆ ಎಂದು ನೋಡಿಕೊಂಡಿರುತ್ತಾನೆಯೇ?

ಯೋರ್ನ್ ಪಿಯಾನೊದ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಸುತ್ತ ಕೂತಿದ್ದ ವಾದ್ಯವೃಂದದವರು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿದ್ದರು. ಕೊನೆಗೆ ಒಂದು ಕ್ಲಾರಿನೆಟ್ ಮಾತ್ರ ತನ್ನ ಪಾಡಿಗೆ ನಾಲ್ಕು ಸ್ವರ ಊದಿ, ನಾಚಿ ಸುಮ್ಮನಾಯಿತು.

"ಕೇಳಿಸ್ಕೊಳ್ತಾ ಇದೀಯ ನೀನು," ಎಂದರು ಸೈಫರ್ಟ್ ಮೇಷ್ಟ್ರು, ಕೋಲಿನ ತುದಿಯನ್ನು ಅವನ ಕಡೆ ಚಾಚಿ. "ಎಷ್ಟು ಸಲ ಹೇಳಿದೀನಿ? ಅಲ್ಲಿ ಕೇಳಿಸ್ಕೋಬಾರ್ದು ಕಣಯ್ಯಾ, ಎಣಿಸ್ಬೇಕು. ಇವತ್ತು ಸಾಯಂಕಾಲ ಜನರ ಮುಂದೆ ಹೀಗೇ ಮಾಡ್ತೀಯಾ?"

"ಇಲ್ಲ ಮೇಷ್ಟ್ರೇ."

"ಮತ್ತೆ ಯಾಕೆ ಜಾರಿದೆ?"

ಅವನು ವಾದ್ಯವೃಂದದತ್ತ ನೋಡಿದ. ಎಲ್ಲರೂ ತಮ್ಮ ತಮ್ಮ ತಂತಿಗಳನ್ನು, ಕಮಾನುಗಳನ್ನು ನೋಡಿಕೊಳ್ಳುತ್ತಿದ್ದರು. ತನ್ನ ಮುಖ ನೋಡಲು ಅವರಿಗೇ ಸಂಕೋಚ ಎಂದುಕೊಂಡ. ಆ ಸಂಕೋಚ ಬೈಗುಳಕ್ಕಿಂತ ಹೆಚ್ಚಾಗಿ ಅವನಿಗೆ ನಾಟಿತು.

ಆ ಜಾಗ ಜರ್ಮನಿಯ ಈ ಸ್ಯಾಕ್ಸನಿ ಸೀಮೆಯ ಯಾವ ವಾದ್ಯಗಾರನಿಗೂ ಹೊಸತಲ್ಲ. ಈ ಕಾನ್ಸರ್ಟೊವನ್ನು, ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಈ ಮೂರು ಭಾಗದ ಕೃತಿಯನ್ನು, ಬರೆದವನು ಇದೇ ಸೀಮೆಯವನು. ಮೊದಲು ನುಡಿಸಿದವಳು ಅವನ ಹೆಂಡತಿ. ಅಂದಿನಿಂದ ಇಂದಿನವರೆಗೆ ಇದನ್ನು ನುಡಿಸಿದ ಊರುಗಳಲ್ಲೆಲ್ಲ ಕೊನೆಯ ಭಾಗದ ಆ ಹಾಡು ಯಾರನ್ನಾದರೂ ಕೆಡವಿಯೇ ಇದೆ. ಆ ಭಾಗದ ತಾಳ ಮೂರರದ್ದು, ಓಡುವ ಮೂರು. ನಡುವೆ ಒಂದು ಕಡೆ ಪಿಟೀಲುಗಳು ಮೆಲ್ಲಗೆ ಒಂದು ಹಾಡನ್ನು ಎತ್ತಿಕೊಳ್ಳುತ್ತವೆ: ಒಂದು ಸ್ವರ, ಒಂದು ಬಿಡುವು, ಒಂದು ಸ್ವರ, ಒಂದು ಬಿಡುವು. ಕೇಳುವವರಿಗೆ ಅದು ಯಾರೋ ಸಾವಧಾನವಾಗಿ ಹೆಜ್ಜೆ ಹಾಕಿಕೊಂಡು ಹೋದಂತೆ. ಆದರೆ ಕಾಗದದ ಮೇಲೆ ತಾಳ ಮೂರೇ. ಮೊದಲ ಆವರ್ತದಲ್ಲಿ ಒಂದಕ್ಕೆ, ಮೂರಕ್ಕೆ ಸ್ವರ. ಎರಡನೆಯದರಲ್ಲಿ ನಡುವಿನ ಎರಡಕ್ಕೆ ಮಾತ್ರ. ಹಾಗಾಗಿ ಒಂದು ಬಿಟ್ಟು ಒಂದು ಆವರ್ತದಲ್ಲಿ ಕೋಲು ಕೆಳಗೆ ಬೀಳುವಾಗ ಅಲ್ಲಿ ಯಾರೂ ಏನೂ ನುಡಿಸುತ್ತಿರುವುದಿಲ್ಲ. ಪೆಟ್ಟು ಮೌನದ ಮೇಲೆ ಬೀಳುತ್ತದೆ. ಖಾಲಿ ಪೆಟ್ಟು ಎನ್ನುತ್ತಾರೆ ಅದಕ್ಕೆ ಈ ಊರಿನ ವಾದ್ಯದವರು. ಕಿವಿ ಅದನ್ನು ಒಪ್ಪುವುದಿಲ್ಲ. ಕೋಲೇ ತಪ್ಪು, ಹಾಡೇ ಸರಿ ಎಂದು ಕಿವಿ ಹಟ ಹಿಡಿಯುತ್ತದೆ. ಆ ಹಟಕ್ಕೆ ಮಣಿದವನು ಒಂದೇ ಒಂದು ಪೆಟ್ಟು ಜಾರುತ್ತಾನೆ. ಆಮೇಲೆ ಅವನಿಗೆ ದಾರಿಯಿಲ್ಲ.

ಹಾಡು ಎರಡು ಸಲ ಬರುತ್ತದೆ. ಮೊದಲ ಸಲ ಒಂದು ಶ್ರುತಿಯಲ್ಲಿ. ಭಾಗದ ನಡು ದಾಟಿದ ಮೇಲೆ ಇನ್ನೊಂದು ಶ್ರುತಿಯಲ್ಲಿ. ಬೆಳಗಿನ ತಾಲೀಮು ಮುರಿದುಬಿದ್ದದ್ದು ಎರಡನೆಯ ಸಲ.

"ಆ ಜಾಗದಿಂದ ಮತ್ತೆ," ಎಂದರು ಸೈಫರ್ಟ್. ಮತ್ತೆ ನುಡಿಸಿದರು. ಏನೂ ಆಗಲಿಲ್ಲ. ಅದೇ ಯೋರ್ನ್‌ನನ್ನು ಇನ್ನಷ್ಟು ಹೆದರಿಸಿತು. ಯಾಕೆ ಬಿದ್ದೆ ಎಂದು ಗೊತ್ತಿಲ್ಲದವನಿಗೆ ಯಾಕೆ ಬೀಳಲಿಲ್ಲ ಎಂದೂ ಗೊತ್ತಿರುವುದಿಲ್ಲ.

ವಿರಾಮದಲ್ಲಿ ವೇದಿಕೆಯ ಹಿಂದಿನ ಓಣಿಯಲ್ಲಿ ನಿಂತು ನೀರು ಕುಡಿಯುತ್ತಿದ್ದಾಗ ನಿಂತು ನುಡಿಸುವ ದೊಡ್ಡ ಬಾಸ್ ಪಿಟೀಲಿನ ಮಾಟೆಸ್ ಬಂದು ಬೆನ್ನು ತಟ್ಟಿದ. ಅವನ ಅಂಗೈ ಬಾಗಿಲ ಹಲಗೆಯಷ್ಟು ಗಟ್ಟಿ.

"ಮುಖ ಯಾಕಪ್ಪಾ ಹಾಗೆ ಮಾಡ್ಕೊಂಡಿದೀಯ? ಆ ಜಾಗದಲ್ಲಿ ಬಿದ್ದೋರ್ಗೆಲ್ಲಾ ಒಂದು ಸ್ಮಶಾನ ಮಾಡಿದ್ರೆ ನಮ್ಮೂರು ಸಾಲಲ್ಲ. ನೀವು ಪಿಯಾನೊದವ್ರು ಪುಣ್ಯವಂತ್ರು, ಕೂತ್ಕೊಂಡು ಬೀಳ್ತೀರಿ. ನಾವಾದ್ರೆ ನಿಂತಲ್ಲೇ ಬೀಳ್ಬೇಕು."

"ಮಾಟೆಸ್, ನಿಜ ಹೇಳು. ನಾನು ಜಾರಿದ್ದು ನಿನಗೆ ಕೇಳಿಸ್ತಾ?"

ಮಾಟೆಸ್‌ನ ನಗು ತುಟಿಯ ಮೇಲೆ ಉಳಿಯಿತು, ಕಣ್ಣಿಂದ ಹೋಯಿತು. "ನನಗೇನು ಕೇಳಿಸುತ್ತೆ? ನಾನು ಹಿಂದಿನ ಸಾಲಿನವ್ನು. ಬರೋ ಭಾನುವಾರ ಏನು ಊಟ ಅಂತ ಯೋಚಿಸ್ತಿದ್ದೆ," ಎಂದು ಹೇಳಿ ಹೊರಟುಬಿಟ್ಟ.

ಅವನು ಹೋದ ಮೇಲೆ ಹೆಡ್ವಿಗ್ ಬಂದಳು. ಮೊದಲ ಪಿಟೀಲು ಅವಳದು. ಅವಳು ಆ ಕುರ್ಚಿಯಲ್ಲಿ ಕೂತು ಯೋರ್ನ್‌ನ ವಯಸ್ಸಿನಷ್ಟು ವರ್ಷಗಳಾಗಿದ್ದವು. ಅವಳು ಓಣಿಯ ಎರಡೂ ತುದಿ ನೋಡಿ ಹತ್ತಿರ ಬಂದಳು.

"ಸಾಯಂಕಾಲ ಎರಡನೇ ಸಲ ಆ ಜಾಗ ಬಂದಾಗ ಕೋಲು ನೋಡ್ಬೇಡ. ನನ್ನ ಮೊಣಕೈ ನೋಡು."

"ಯಾಕೆ?"

"ಹೇಳಿದಷ್ಟು ಮಾಡು."

"ನನ್ನ ಎಣಿಕೆ ಮೇಲೆ ನಿಮಗೂ ನಂಬಿಕೆ ಹೋಯ್ತಾ, ಹೆಡ್ವಿಗ್ ಅವರೇ?"

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸೈಫರ್ಟ್ ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ಬಾಗಿಲಲ್ಲಿ ಕಾಣಿಸಿದರು. ಅವಳು ಕಮಾನಿಗೆ ರಾಳ ತಿಕ್ಕುತ್ತ ಅತ್ತ ತಿರುಗಿಕೊಂಡಳು.

ಮಧ್ಯಾಹ್ನ ಊಟ ಮೇಷ್ಟ್ರ ಮನೆಯಲ್ಲಿ. ಲೈಪ್‌ಜಿಗ್‌ಗೆ ಸಂಗೀತ ಓದಲು ಹೋಗುವ ಮುಂಚೆ ಯೋರ್ನ್ ಅದೇ ಮನೆಯ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಅದೇ ಮೇಷ್ಟ್ರ ಕೋಲು ನೋಡಿ ನೋಡಿ ತಾಳ ಕಲಿತವನು. ಅವನ ತಂದೆ ನೇಯ್ಗೆ ಗಿರಣಿಯಲ್ಲಿದ್ದವರು. ಹುಡುಗನ ಕೈಗೆ ಪಿಯಾನೊ ಸಿಕ್ಕಿದ್ದು ಮೇಷ್ಟ್ರ ದಯೆಯಿಂದ. ಇವತ್ತಿನ ಸಂಜೆ ಸಿಕ್ಕಿದ್ದೂ ಅವರಿಂದಲೇ. ಯಾವ ಊರಿನಲ್ಲಿ ಯಾರು ನುಡಿಸಬೇಕೆಂದು ಗೊತ್ತುಮಾಡುವ ಬರ್ಲಿನ್ನಿನ ಆಫೀಸಿನಿಂದ ಬ್ರೆಡೋ ಎಂಬ ಹೆಂಗಸು ಕೇಳಲು ಬರುತ್ತಾಳೆ. ಅವಳು ಒಪ್ಪಿದರೆ ಊರೂರಿನ ವಾದ್ಯವೃಂದಗಳ ಜೊತೆ ನುಡಿಸುವ ಬದುಕು. ಒಪ್ಪದಿದ್ದರೆ ಈಗಿರುವುದೇ: ನೃತ್ಯಶಾಲೆಯ ಮೂಲೆಯಲ್ಲಿ ಕೂತು, ಕಾಲೆತ್ತುವ ಮಕ್ಕಳಿಗೆ ಒಂದೇ ವಾಲ್ಟ್ಜ್ ಅನ್ನು ಬೆಳಗಿನಿಂದ ಸಂಜೆಯವರೆಗೆ ಬಾರಿಸುವುದು.

ಗೆರ್ಡಾ, ಮೇಷ್ಟ್ರ ಹೆಂಡತಿ, ಆಲೂಗಡ್ಡೆ ಸೂಪನ್ನು ಮೇಜಿನ ನಡುವೆ ಇಟ್ಟರು. ಬಡಿಸುವುದು ಮೇಷ್ಟ್ರ ಪದ್ಧತಿ. ಯೋರ್ನ್ ತಟ್ಟೆ ಚಾಚಿದ. ಚಾಚಿದವನು ಮೇಜಿನ ಕೆಳಗೆ ಎಡಗೈ ಬೆರಳಿನಿಂದ ಎಣಿಸುತ್ತಿದ್ದ: ಒಂದು, ಬಿಡು, ಮೂರು, ಬಿಡು, ಎರಡು, ಬಿಡು. ಸೌಟು ಬರಲಿಲ್ಲ. ತಲೆಯೆತ್ತಿದರೆ ಅದು ಪಾತ್ರೆಯ ಮೇಲೆ ನಿಂತಿತ್ತು. ಅದರಿಂದ ಸೂಪು ಮೇಜುಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಕೊಡಿ ಇಲ್ಲಿ," ಎಂದು ಗೆರ್ಡಾ ಸೌಟನ್ನು ಮೆಲ್ಲನೆ ಗಂಡನ ಕೈಯಿಂದ ಬಿಡಿಸಿಕೊಂಡರು. "ಕಛೇರಿ ದಿನ ಇವರಿಗೆ ಕೈಲಿ ಏನು ಕೊಟ್ರೂ ಕೋಲೇ. ನೀನು ತಿನ್ನಪ್ಪಾ, ಆರಿ ಹೋಗುತ್ತೆ."

ಯೋರ್ನ್ ಅದರ ಬಗ್ಗೆ ಏನೂ ಯೋಚಿಸಲಿಲ್ಲ. ತೊಟ್ಟಿಕ್ಕಿದ ಹನಿಗಳು ಎರಡರಲ್ಲಿ ಬಿದ್ದವೋ ಮೂರರಲ್ಲೋ ಎನ್ನುವುದೇ ಅವನ ತಲೆಯಲ್ಲಿತ್ತು.

"ಏನೂ ತಿಂತಿಲ್ಲ ಇವನು," ಎಂದರು ಮೇಷ್ಟ್ರು, ಏನೂ ಆಗದವರಂತೆ ಚಮಚ ಎತ್ತಿ. "ಹೆದರಿದೀಯಾ?"

"ಸ್ವಲ್ಪ."

"ಹೆದರು. ಹೆದರದೋನು ಆ ಜಾಗಕ್ಕೆ ಹೋಗ್ಬಾರ್ದು. ಆದರೆ ಹೆದರಿಕೆ ಬಂದಾಗ ಏನ್ಮಾಡ್ಬೇಕು?"

"ನಿಮ್ಮ ಕೋಲು ನೋಡ್ಬೇಕು."

"ಅಷ್ಟೇ. ಕಿವಿ ಮೋಸ ಮಾಡುತ್ತೆ, ಬೆರಳು ಮೋಸ ಮಾಡುತ್ತೆ. ಈ ಕೋಲು ನಿನಗೆ ಯಾವತ್ತಾದ್ರೂ ಮೋಸ ಮಾಡಿದ್ಯಾ?"

"ಇಲ್ಲ ಮೇಷ್ಟ್ರೇ."

ಗೆರ್ಡಾ ಎದ್ದು ಒಲೆಯ ಕಡೆ ಹೋದರು. ಅಲ್ಲಿ ಅವರಿಗೆ ಕೆಲಸವೇನೂ ಇದ್ದಂತಿರಲಿಲ್ಲ.

ಊಟದ ಮೇಲೆ ಅವನಿಗೆ ಮಲಗಲು ಹಳೆಯ ಕೋಣೆ ಕೊಟ್ಟರು. ನಿದ್ದೆ ಹತ್ತಲಿಲ್ಲ. ಗೋಡೆಯಾಚೆ ಯಾರೋ ಕಂಬಳಿ ಒದರುತ್ತಿದ್ದರು. ಆ ಸದ್ದು ಹಾಡಿನ ಹೆಜ್ಜೆಯಾಯಿತು. ಬೀದಿಯಲ್ಲಿ ಯಾರೋ ಹೋದರು, ಆ ಹೆಜ್ಜೆಯೂ ಹಾಡಾಯಿತು. ತನ್ನ ಎದೆಬಡಿತವನ್ನೇ ಮೂರರಲ್ಲಿ ಎಣಿಸಲು ನೋಡಿದ. ಅದು ಎರಡರಲ್ಲೇ ಹೊಡೆಯುತ್ತಿತ್ತು, ಅವನು ಹೇಳಿದಂತೆ ಕೇಳುತ್ತಿರಲಿಲ್ಲ. ಕಿವಿ ಕೆಟ್ಟಿತೇ? ಇಷ್ಟು ವರ್ಷ ಇದ್ದ ಎಣಿಕೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋಗಬಹುದೇ? ಹೋಗಿದ್ದರೆ ಹೋದದ್ದು ತನಗೆ ತಿಳಿಯುವುದಾದರೂ ಹೇಗೆ? ಜಾರಿದವನಿಗೆ ತಾನು ಜಾರಿದ್ದು ಕೇಳಿಸುವುದಿಲ್ಲ. ಅವನ ಮಟ್ಟಿಗೆ ಜಗತ್ತೇ ಜಾರಿರುತ್ತದೆ.

ಬೆಳಿಗ್ಗೆ ಕೋಲು ನಿಂತ ಹಾಗೆ ಕಂಡದ್ದೂ ಹೀಗೆಯೇ ಇರಬೇಕು. ಅಷ್ಟಕ್ಕೆ ಅವನು ಆ ಪ್ರಶ್ನೆಯನ್ನು ಮುಚ್ಚಿಟ್ಟ. ಮುಚ್ಚಿಟ್ಟು ಮತ್ತೆ ಎಣಿಸತೊಡಗಿದ.

ಸಂಜೆ ಸಭಾಂಗಣ ತುಂಬಿತ್ತು. ಒದ್ದೆ ಉಣ್ಣೆಕೋಟುಗಳ ವಾಸನೆ ವೇದಿಕೆಯವರೆಗೂ ಬರುತ್ತಿತ್ತು. ಯೋರ್ನ್ ಕೂತು, ಕುರ್ಚಿ ಸರಿಮಾಡಿಕೊಂಡು, ಮೇಷ್ಟ್ರತ್ತ ತಲೆ ಆಡಿಸಿದ. ವಾದ್ಯವೃಂದ ಒಮ್ಮೆ ಗುಡುಗಿತು. ಅವನ ಎರಡೂ ಕೈ ಮೇಲಿನಿಂದ ಕೆಳಕ್ಕೆ ಮೆಟ್ಟಿಲುಮೆಟ್ಟಿಲಾಗಿ ಧುಮುಕಿದವು. ಆಮೇಲೆ ಓಬೋ ಎಂಬ ಊದುವಾದ್ಯ ತನ್ನ ದುಃಖದ ಹಾಡನ್ನು ಎತ್ತಿಕೊಂಡಿತು. ಮೊದಲ ಭಾಗವೆಲ್ಲ ಆ ಒಂದೇ ಹಾಡಿನಿಂದ ಹುಟ್ಟಿದ್ದು. ಅದೇ ಹಾಡು ಅಳುತ್ತದೆ, ಅದೇ ಕನಸು ಕಾಣುತ್ತದೆ, ಕೊನೆಗೆ ಅದೇ ದಂಡಿನ ಹಾಗೆ ಹೆಜ್ಜೆ ಹಾಕಿಕೊಂಡು ಹೊರಡುತ್ತದೆ. ಬೇರೆ ದಿನವಾಗಿದ್ದರೆ ಅವನು ಅದರೊಳಗೆ ಮುಳುಗಿಬಿಡುತ್ತಿದ್ದ. ಇವತ್ತು ಬಾಗಿಲಲ್ಲಿ ನಿಂತವನ ಹಾಗೆ ನುಡಿಸಿದ, ಒಂದು ಕಣ್ಣು ಮುಂದೆ ಬರಲಿರುವುದರ ಮೇಲೆ.

ಎರಡನೆಯ ಭಾಗ ಸಣ್ಣದು. ಪಿಯಾನೊ ಒಂದು ಮಾತು, ಪಿಟೀಲು ಒಂದು ಮಾತು. ಅದು ಮುಗಿದು ಮೂರನೆಯದು ಶುರುವಾಗುವಾಗ ನಿಲುಗಡೆ ಇಲ್ಲ. ಓಬೋದ ಆ ಹಳೆಯ ಹಾಡಿನ ತುಣುಕು ದೂರದಿಂದೆಂಬಂತೆ ಒಮ್ಮೆ ಕೇಳಿಸುತ್ತದೆ, ಅಷ್ಟರಲ್ಲಿ ಕಾಲಕೆಳಗಿನ ನೆಲವೇ ಎದ್ದು ಓಡುತ್ತದೆ. ಕೈ ಒರೆಸಿಕೊಳ್ಳಲು, ಉಗುಳು ನುಂಗಲು ಜಾಗವೇ ಇಟ್ಟಿಲ್ಲ ಬರೆದವನು.

ಮೊದಲ ಸಲದ ಹಾಡು ಬಂತು. ಒಂದು, ಬಿಡು, ಮೂರು. ಕೋಲು ಖಾಲಿ ಪೆಟ್ಟಿನ ಮೇಲೆ ಸರಿಯಾಗಿ ಬಿತ್ತು. ಬಿಡು, ಎರಡು, ಬಿಡು. ಪಿಯಾನೊ ಹಾಡನ್ನು ಎತ್ತಿಕೊಂಡಿತು, ಬಿಟ್ಟಿತು, ಓಡಿತು. ಆಯಿತು. ಅವನಿಗೆ ಸಮಾಧಾನವಾಗಲಿಲ್ಲ. ಈ ಬರವಣಿಗೆಯ ನಿಯಮವೇ ಹಾಗೆ: ಒಮ್ಮೆ ದಾಟಿದ್ದನ್ನು ಮತ್ತೆ ದಾಟಬೇಕು. ಹಾಗೆ ಕಟ್ಟುವುದನ್ನು ಲೈಪ್‌ಜಿಗ್‌ನಲ್ಲಿ ಅವನಿಗೆ ಸೊಗಸು ಎಂದು ಕಲಿಸಿದ್ದರು.

ನಡುಭಾಗ ಕರಗಿತು. ಮೊದಲ ಹಾಡು ಮರಳಿ ಬಂತು. ಇನ್ನು ಬರುತ್ತದೆ, ಇನ್ನು ಬರುತ್ತದೆ ಎನ್ನುತ್ತಲೇ ಶ್ರುತಿ ತಿರುಗಿತು, ಪಿಟೀಲುಗಳು ತಗ್ಗಿದವು. ಒಂದು, ಬಿಡು, ಮೂರು. ಯೋರ್ನ್ ಕೋಲನ್ನು ನೋಡಿದ.

ಕೋಲು ನಿಂತಿತ್ತು.

ಕಣ್ಣು ಮುಚ್ಚಿರಲಿಲ್ಲ ಅವನದು. ಕೋಲು ಎದೆಯ ಮಟ್ಟದಲ್ಲಿ, ಸ್ವಲ್ಪ ಓರೆಯಾಗಿ, ಮಧ್ಯಾಹ್ನದ ಸೌಟಿನ ಹಾಗೆ ನಿಂತಿತ್ತು. ಅದರ ಮೇಲಿದ್ದ ಮುಖದಲ್ಲಿ ಯಾರೂ ಇರಲಿಲ್ಲ. ಕಣ್ಣು ತೆರೆದೇ ಇತ್ತು, ಅವನ ಕಡೆಗೇ ಇತ್ತು, ಅವನನ್ನು ನೋಡುತ್ತಿರಲಿಲ್ಲ. ಇಡೀ ಸಭೆ ಮೇಷ್ಟ್ರ ಬೆನ್ನಿನ ಹಿಂದಿತ್ತು. ಆ ಮುಖ ಕಾಣುತ್ತಿದ್ದದ್ದು ನುಡಿಸುವವರಿಗೆ ಮಾತ್ರ. ಹಾಡು ನಿಲ್ಲಲಿಲ್ಲ. ಒಂದು ಸ್ವರ, ಒಂದು ಬಿಡುವು. ಯಾರ ಅಪ್ಪಣೆಯೂ ಇಲ್ಲದೆ ನಲವತ್ತು ಮಂದಿ ಅದನ್ನು ನಡೆಸಿಕೊಂಡು ಹೋಗುತ್ತಿದ್ದರು.

ಆಗ ಕೋಲು ಎಚ್ಚೆತ್ತಿತು. ಎಚ್ಚೆತ್ತದ್ದು ಕಿವಿಗೆ ಬಿದ್ದ ಹಾಡನ್ನು ಹಿಡಿದು ಕೆಳಗಿಳಿಯಿತು, ಸ್ವರದ ಮೇಲೆಯೇ, ಗಟ್ಟಿಯಾಗಿ. ಕೂತು ನೋಡುವವರಿಗೆ ಇಡೀ ಸಂಜೆಯಲ್ಲಿ ಅಷ್ಟು ಸರಿಯಾಗಿ ಕಂಡ ಪೆಟ್ಟು ಬೇರೊಂದಿರಲಾರದು. ಆದರೆ ಖಾಲಿ ಪೆಟ್ಟಿನ ಮೇಲೆ ಬೀಳಬೇಕಾದದ್ದು ಒಂದು ಪೆಟ್ಟು ಜಾರಿತ್ತು.

ಯೋರ್ನ್ ಈಗ ಸೇರಿಕೊಳ್ಳಬೇಕು. ಹತ್ತು ಬೆರಳೂ ಕೋಲಿನ ಕಡೆಗೆ ಎಳೆದವು. ಚಿಕ್ಕಂದಿನಿಂದ ಆ ಕೋಲು ಬಿದ್ದಲ್ಲಿ ಬಿದ್ದವು ಅವು. ತಪ್ಪು ತನ್ನದೇ ಇದ್ದರೆ? ಬೆಳಿಗ್ಗೆ ಹೇಳಿದರಲ್ಲ, ಮಧ್ಯಾಹ್ನ ಹೇಳಿದರಲ್ಲ. ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು. ಆ ಉರಿಯಲ್ಲೇ ಅವನು ಎಡಕ್ಕೆ ನೋಡಿದ. ಹೆಡ್ವಿಗ್ ಮೊಣಕೈಯನ್ನು ಬೇಕೆಂದೇ ಅಗಲವಾಗಿ, ಕುಂಟುವವಳ ಹಾಗೆ ಎತ್ತಿ ಇಳಿಸುತ್ತಿದ್ದಳು, ಖಾಲಿ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿ. ಅವಳ ಹಿಂದೆ ಎಲ್ಲ ಕಣ್ಣೂ ಆ ಮೊಣಕೈಯ ಮೇಲೆಯೇ ಇದ್ದವು. ಹಿಂದಿನ ಸಾಲಿನಲ್ಲಿ ನಿಂತಿದ್ದ ಮಾಟೆಸ್ ಕೂಡ, ತುಟಿ ಬಿಗಿಹಿಡಿದು. ಇದು ಇವತ್ತು ಕಲಿತ ಕೆಲಸವಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ಆ ನೋಟಗಳಲ್ಲಿ ಗಾಬರಿ ಇರಲಿಲ್ಲ, ರೂಢಿ ಇತ್ತು.

ಅವನು ಮೊಣಕೈಯ ಕಡೆ ಸೇರಿದ. ಕೋಲನ್ನು ಬಿಟ್ಟು ನುಡಿಸಿದ, ಬದುಕಿನಲ್ಲಿ ಮೊದಲ ಸಲ. ಮೇಷ್ಟ್ರು ತಮ್ಮ ಗಾಳಿಯಲ್ಲಿ ತಾವು ಒಬ್ಬರೇ ತಾಳ ಹಾಕುತ್ತಿದ್ದರು. ಎಲ್ಲರೂ ಒಟ್ಟಿಗೆ ಏರುವ ಜಾಗ ಬಂದಾಗ ಹೆಡ್ವಿಗ್ ಪಿಟೀಲಿನ ತಲೆಯನ್ನು ಮೇಲೆತ್ತಿ ಇಳಿಸಿದಳು. ಆ ಬೀಸಿಗೆ ಕೋಲು ತಾನಾಗಿ ಮಣಿದು ದಾರಿಗೆ ಬಂತು. ಮೇಷ್ಟ್ರ ಮುಖಕ್ಕೆ ಮೇಷ್ಟ್ರು ಮರಳಿದರು. ಯೋರ್ನ್‌ನತ್ತ ನೋಡಿ, ಭೇಷ್ ಎನ್ನುವಂತೆ ತಲೆದೂಗಿದರು.

ಉಳಿದದ್ದನ್ನು ಅವನ ಕೈಗಳು ನುಡಿಸಿದವು. ತಪ್ಪು ತನ್ನದಲ್ಲ ಎಂಬ ಸಂತೋಷಕ್ಕಾಗಿ ಅವನು ಕಾದ, ಅದು ಬರಲಿಲ್ಲ. ತನ್ನ ಎಣಿಕೆ ಹೋಯಿತೆಂಬ ಭಯ ಹೋಗಿ ಆ ಜಾಗದಲ್ಲಿ ಆ ಖಾಲಿ ಮುಖ ಬಂದು ಕೂತಿತು.

ಚಪ್ಪಾಳೆ ಮುಗಿದು ಓಣಿಗೆ ಬಂದಾಗ ಅವನು ಹೆಡ್ವಿಗ್‌ಳ ತೋಳು ಹಿಡಿದ.

"ಯಾವಾಗಿಂದ?"

"ಕ್ರಿಸ್ಮಸ್ ಹಿಂದಿನಿಂದ. ಮೊದಲು ಅಪರೂಪಕ್ಕೆ ಹೀಗೆ ಒಂದು ಗಳಿಗೆ ಕಳೆದುಹೋಗ್ತಿದ್ರು. ಈಗ ವಾರದಲ್ಲಿ ಒಂದು ಸಲ, ಎರಡು ಸಲ."

"ಅವರಿಗೆ ಗೊತ್ತಾ?"

"ಗೊತ್ತಿದ್ರೆ ನಿನ್ನ ಮೇಲೆ ಹಾಕ್ತಿದ್ರಾ? ಅವರ ಪಾಲಿಗೆ ಬೆಳಿಗ್ಗೆ ಜಾರಿದ್ದು ನೀನೇ. ನಿಜವಾಗ್ಲೂ ಹಾಗೇ ನಂಬಿದಾರೆ."

"ಡಾಕ್ಟರ ಹತ್ರ..."

"ಯಾರು ಕರ್ಕೊಂಡು ಹೋಗೋದು? ಕೇಳಿದ ಕೂಡ್ಲೇ ಕೋಲು ಕಿತ್ಕೋತಾರೆ. ಕೋಲಿಲ್ದೆ ಆ ಮನುಷ್ಯ ಆ ಅಡುಗೆಮನೇಲಿ ಎಷ್ಟು ದಿನ ಕೂತಿರ್ತಾರೆ ಹೇಳು?" ಅವಳು ದನಿ ತಗ್ಗಿಸಿದಳು. "ನಾವು ಮಾಡ್ತಿರೋದು ಸರಿ ಅಂತ ನಾನು ಹೇಳ್ತಿಲ್ಲ ಯೋರ್ನ್. ನನಗೂ ಭಯವಾಗುತ್ತೆ. ಒಂದಿನ ಎಲ್ಲಾದ್ರೂ ರಸ್ತೆ ದಾಟುವಾಗ..."

ಒಳಗಿನಿಂದ ಮೇಷ್ಟ್ರ ದೊಡ್ಡ ನಗು ಕೇಳಿಸಿತು. "ಎಲ್ಲಿ ನಮ್ಮ ಹುಡುಗ? ಕರೀರಿ!"

ಕೋಣೆಯಲ್ಲಿ ಬೂದು ಬಣ್ಣದ ಕೋಟಿನ ತೆಳ್ಳನೆಯ ಹೆಂಗಸು ನಿಂತಿದ್ದಳು. ಬ್ರೆಡೋ. ಗೆರ್ಡಾ ಗಂಡನ ಪಕ್ಕದಲ್ಲಿ, ಅವರ ಕೋಟನ್ನು ಎದೆಗವಚಿಕೊಂಡು ನಿಂತಿದ್ದರು.

"ಚೆನ್ನಾಗಿ ನುಡಿಸಿದ್ರಿ," ಎಂದಳು ಬ್ರೆಡೋ. "ಮೊದಲನೇ ಭಾಗ ಸ್ವಲ್ಪ ದೂರ ನಿಂತು ನುಡಿಸಿದ ಹಾಗಿತ್ತು. ಆದರೂ ಚೆನ್ನಾಗಿತ್ತು. ನಾನು ಬೆಳಿಗ್ಗೆ ತಾಲೀಮಿಗೂ ಬಂದಿದ್ದೆ, ಬಾಲ್ಕನೀಲಿ ಕೂತಿದ್ದೆ. ಕೊನೇ ಭಾಗ ಬಿದ್ದುಹೋಯ್ತಲ್ಲ?"

"ಆ ಜಾಗ!" ಎಂದರು ಮೇಷ್ಟ್ರು, ಯೋರ್ನ್‌ನ ಹೆಗಲ ಮೇಲೆ ಕೈ ಹಾಕಿ. ಆ ಕೈಯಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. "ಹುಡುಗರು ಅಲ್ಲವೇ, ಕೇಳಿಸ್ಕೊಂಡುಬಿಡ್ತಾರೆ. ಬೈದೆ. ಸಾಯಂಕಾಲಕ್ಕೆ ಎಣಿಸ್ದ."

"ನಾನು ಅವರನ್ನ ಕೇಳ್ತಿದೀನಿ," ಎಂದು ಬ್ರೆಡೋ ಯೋರ್ನ್‌ನ ಮುಖ ನೋಡಿದಳು. "ಬೇರೆ ಊರಿಗೆ ಕಳಿಸಿದ್ರೆ ಅಲ್ಲಿ ಬೈಯೋಕೆ ಇವರಿರಲ್ಲ. ಬೆಳಿಗ್ಗೆ ಏನಾಯ್ತು?"

ಯೋರ್ನ್ ಮೇಷ್ಟ್ರನ್ನು ನೋಡಿದ. ಅವರು ನಗುತ್ತಿದ್ದರು, ಕಣ್ಣಿನ ತುಂಬ ಅವರೇ ಇದ್ದರು. ನಿಜ ಹೇಳಿದರೆ ಆ ಕಣ್ಣು ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅರ್ಧ ಗಂಟೆ ಹಿಂದೆ ಕಂಡಿದ್ದ. ಗೆರ್ಡಾ ಕೋಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಬಾಗಿಲಲ್ಲಿ ಹೆಡ್ವಿಗ್ ಬಂದು ನಿಂತಿದ್ದಳು.

"ನಾನೇ ಎಣಿಕೆ ತಪ್ಪಿದೆ, ಮೇಡಂ," ಎಂದ.

"ಸುಳ್ಳು ಹೇಳಲಿಲ್ಲ, ಅದು ಒಳ್ಳೇದು." ಅವಳು ಕೈಗವಸು ಹಾಕಿಕೊಂಡಳು. "ಇನ್ನೊಂದು ವರ್ಷ ಪಳಗಿ. ಅಲ್ಲಿವರೆಗೆ ನೃತ್ಯಶಾಲೆ ಇದೆಯಲ್ಲ? ಆಮೇಲೆ ನೋಡೋಣ."

ಅವಳು ಹೋದ ಮೇಲೆ ಮೇಷ್ಟ್ರು ಅವನ ಬೆನ್ನು ಸವರಿದರು. "ಬೇಜಾರು ಮಾಡ್ಕೋಬೇಡ. ಆ ಜಾಗ ಯಾರನ್ನ ಬಿಟ್ಟಿದೆ? ಬರೋ ವರ್ಷ ಮತ್ತೆ ನುಡಿಸೋಣ, ನಾನಿದೀನಲ್ಲ," ಎಂದು ಕೋಟಿನ ತೋಳಿಗೆ ಕೈ ತೂರಿಸಿದರು. ಕೈ ಅರ್ಧದಲ್ಲಿ ನಿಂತಿತು. ಗೆರ್ಡಾ ಮಾತಿಲ್ಲದೆ ತೋಳನ್ನು ಎಳೆದು ತೊಡಿಸಿದರು. ಯೋರ್ನ್ ಇನ್ನೊಂದು ತೋಳನ್ನು ಹಿಡಿದುಕೊಂಡ.

ಕೋಲು ನಿಂತಿತ್ತು ಎಂದು ಅವನು ಸೈಫರ್ಟ್ ಮೇಷ್ಟ್ರಿಗೆ ಎಂದೂ ಹೇಳಲಿಲ್ಲ.